ಕೆಂಪು ಯೂನೋಸೋ, ನೀಲಿ ಎಂಎಕ್ಸ್-5ಓ? ಮೊದಲು ಸಿಲ್ ನೋಡಿ

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ, ಊರು ಹಾಸನ. ಮನೆಯಲ್ಲಿ ದಿನದ ಓಡಾಟಕ್ಕೆ ದೊಡ್ಡ ಕಾರಿದೆ. ಆದರೆ ಟಾಪ್ ಮಡಚುವ ಹಳೆಯ ಸ್ಪೋರ್ಟ್ಸ್ ಕಾರು ಒಂದು ಬೇಕು ಅನ್ನೋದು ಬಹಳ ದಿನದ ಆಸೆ. ಎರಡು ಮಾಜ್ಡಾ ಕಣ್ಣಿಗೆ ಬಿದ್ದಿವೆ. ಒಂದು 2003ರ ಎಂಎಕ್ಸ್-5, 1.8 ಎಂಜಿನ್, ನೀಲಿ, 92,000 ಮೈಲಿ, 3,200 ಪೌಂಡ್. ಇನ್ನೊಂದು ಜಪಾನಿನಿಂದ ಬಂದ 1992ರ ಯೂನೋಸ್ ರೋಡ್‌ಸ್ಟರ್, 1.6, ಕೆಂಪು, ಮೀಟರಿನಲ್ಲಿ 74,000, ಬೆಲೆ 6,500 ಪೌಂಡ್. ಹಳೆಯದೇ ನಿಜವಾದ ಕ್ಲಾಸಿಕ್, ಆಮೇಲಿನದು ಸಪ್ಪೆ ಅಂತ ಗೆಳೆಯರು ಹೇಳುತ್ತಾರೆ. ನಿಜವಾ? ವಾರಕ್ಕೊಮ್ಮೆ ಹೌನ್ಸ್‌ಲೋದಲ್ಲಿರುವ ತಂಗಿ ಮನೆಗೆ ಹೋಗುತ್ತೇನೆ. ಮುಂದೆ ಊರಿಗೆ ವಾಪಸ್ ಬಂದರೆ ಕಾರನ್ನೂ ತರಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿ ಮುಗಿಸುತ್ತೇನೆ. ತರಲಾಗದು. ಹೊರದೇಶದಿಂದ ಹಳೆಯ ಕಾರು ತರಲು ಭಾರತದ ನಿಯಮದಲ್ಲಿ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು. ನೀವು ನೋಡಿರುವ ಎರಡೂ ಆ ಗೆರೆ ದಾಟಿ ಯಾವ ಕಾಲವಾಯಿತೋ. ಹಾಸನದ ರಸ್ತೆಯಲ್ಲಿ ಟಾಪ್ ಮಡಚಿಕೊಂಡು ಹೋಗುವ ಕನಸನ್ನು ಪಕ್ಕಕ್ಕಿಡಿ. ನಿಮ್ಮ ರೆಡಿಂಗ್ ಸುತ್ತಲಿನ ಬರ್ಕ್‌ಷೈರಿನ ಹಳ್ಳಿ ರಸ್ತೆಗಳೂ ಅದಕ್ಕೇನು ಕಮ್ಮಿ ಇಲ್ಲ.

ಇನ್ನು ಗೆಳೆಯರ ಮಾತು. ಅವರು ಹೇಳುವುದು ಅರ್ಧ ನಿಜ. ಉಳಿದ ಅರ್ಧ ಏನು ಅಂದರೆ, 20–30 ವರ್ಷ ಇಂಗ್ಲೆಂಡಿನ ಉಪ್ಪು ಮತ್ತು ಮಳೆಯಲ್ಲಿ ನಿಂತ ಕಾರಿನಲ್ಲಿ ಮಾಡೆಲ್ಲಿಗಿಂತ ತಗಡು ಮುಖ್ಯ. ಇಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಕಾರಿನ ಹೊಟ್ಟೆಯಡಿ ಕೂರುತ್ತದೆ. ಮಾಜ್ಡಾದವರು ಎಂಜಿನ್, ಗೇರ್‌ಬಾಕ್ಸ್ ಎಲ್ಲ ಗಟ್ಟಿಯಾಗಿಯೇ ಮಾಡಿದರು. ತಗಡಿಗೆ ತುಕ್ಕಿನಿಂದ ರಕ್ಷಣೆ ಕೊಡುವಾಗ ಮಾತ್ರ ಕೈ ಸ್ವಲ್ಪ ಬಿಗಿ ಹಿಡಿದರು ಅಂತ ನನ್ನ ಅಭಿಪ್ರಾಯ. ಈ ಕಾರುಗಳು ಗುಜರಿಗೆ ಹೋಗುವುದು ಎಂಜಿನ್ ಸತ್ತು ಅಲ್ಲ, ತಳ ಕೊಳೆತು.

ನಮ್ಮ ಕಡೆ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಲ್ವಾ? ಕೊಂಬಿನ ಬಣ್ಣ, ಕೊರಳಿನ ಗೆಜ್ಜೆ ನೋಡಿ ಯಾರೂ ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿಯುವುದಿಲ್ಲ. ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಎಂಎಕ್ಸ್-5ಗೂ ಹಾಗೇ ಹಲ್ಲು ಇವೆ. ಎಲ್ಲಿವೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಎರಡು ಕಾರುಗಳ ನಡುವೆ ಏನು ವ್ಯತ್ಯಾಸ ಅನ್ನೋದನ್ನು ನೋಡೋಣ.

ಮೊದಲ ತಲೆಮಾರಿನ ಕಾರನ್ನು ಎಲ್ಲರೂ ಎನ್‌ಎ ಅನ್ನುತ್ತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಷೋದಲ್ಲಿ ಜಗತ್ತಿಗೆ ತೋರಿಸಿದರು. ಅಮೆರಿಕದಲ್ಲಿ ಇದರ ಹೆಸರು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಇಲ್ಲಿ ಎಂಎಕ್ಸ್-5. ಆ ಹೊತ್ತಿಗೆ ಬ್ರಿಟನ್ನಿನ ಚಿಕ್ಕ ಓಪನ್ ಕಾರುಗಳ ಕಾಲ ಮುಗಿದಿತ್ತು. ಅವುಗಳಲ್ಲಿ ಹೆಸರಾದ ಎಂಜಿಬಿ 1980ರಲ್ಲೇ ನಿಂತಿತ್ತು. ಮಾಜ್ಡಾದವರು 60ರ ದಶಕದ ಲೋಟಸ್ ಎಲಾನ್ ಮುಂತಾದ ಕಾರುಗಳನ್ನು ಚೆನ್ನಾಗಿ ಓದಿಕೊಂಡು, ಅವುಗಳ ಹಗುರ ಮೈ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ ಅನ್ನೋ ಗುಣಗಳನ್ನು ಉಳಿಸಿಕೊಂಡರು. ಎಣ್ಣೆ ಸೋರುವ ಗುಣವನ್ನು ಮಾತ್ರ ಬಿಟ್ಟರು. ಎಂಜಿನ್ ಮೂಲ ತಮ್ಮದೇ 323 ಫ್ಯಾಮಿಲಿ ಕಾರಿನದು. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಗೇರ್‌ಬಾಕ್ಸ್ ಮತ್ತು ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ನಡುವೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಚೌಕಟ್ಟು. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ತಕ್ಷಣ ಮಾತು ಕೇಳುವುದಕ್ಕೆ ಈ ಚೌಕಟ್ಟೇ ಕಾರಣ. 1.6 ಎಂಜಿನ್ನಿನ ಯೂನೋಸ್‌ಗೆ 120 ಎಚ್‌ಪಿ. ತೂಕ ಸಾವಿರ ಕಿಲೋ ಮುಟ್ಟುವುದಿಲ್ಲ.

ಮತ್ತೆ ಆ ಕಣ್ಣುಗಳು. ಗುಂಡಿ ಒತ್ತಿದರೆ ಬಾನೆಟ್ಟಿನಿಂದ ಮೇಲೆದ್ದು ಬರುವ ಹೆಡ್‌ಲೈಟ್. ನಿಮ್ಮ ಗೆಳೆಯರು ‘ನಿಜವಾದ ಕ್ಲಾಸಿಕ್’ ಅನ್ನುವುದರಲ್ಲಿ ಮುಕ್ಕಾಲು ಪಾಲು ಈ ಕಣ್ಣುಗಳದ್ದೇ ಅಂತ ನನ್ನ ಗುಮಾನಿ.

ಎರಡನೆಯ ತಲೆಮಾರು ಎನ್‌ಬಿ. 1998ರಲ್ಲಿ ಮಾರಾಟಕ್ಕೆ ಬಂದು 2005ರವರೆಗೆ ನಡೆಯಿತು. ಕಣ್ಣು ಮೇಲೇಳುವುದು ನಿಂತಿತು, ಸಾಮಾನ್ಯ ಹೆಡ್‌ಲೈಟ್ ಬಂತು. ಅದೊಂದನ್ನು ಜನ ಇವತ್ತಿಗೂ ಕ್ಷಮಿಸಿಲ್ಲ. ಆದರೆ ಒಳಗೆ ನೋಡಿದರೆ ಇದು ಬೇರೆ ಕಾರೇ ಅಲ್ಲ, ಹಳೆಯದನ್ನೇ ತಿದ್ದಿ ತೀಡಿದ್ದು. ಎಷ್ಟರಮಟ್ಟಿಗೆ ಅಂದರೆ ಎನ್‌ಎಯ ಹಾರ್ಡ್‌ಟಾಪ್, ಅಂದರೆ ಕಳಚಿಡುವ ಗಟ್ಟಿ ಛಾವಣಿ, ಎತ್ತಿ ಎನ್‌ಬಿ ಮೇಲೆ ಕೂರಿಸಬಹುದು. ಹಿಂದಿನ ಕಿಟಕಿ ಎನ್‌ಎಯಲ್ಲಿ ಪ್ಲಾಸ್ಟಿಕ್, ಜಿಪ್ ಬಿಚ್ಚಿ ಮಲಗಿಸಬೇಕು. ಕಾಲ ಕಳೆದಂತೆ ಅದು ಮಂಜಾಗಿ, ಮಡಚಿದಲ್ಲಿ ಸೀಳುತ್ತದೆ. ಎನ್‌ಬಿಗೆ ಗಾಜು ಬಂತು, ಮಂಜು ಕರಗಿಸುವ ಬಿಸಿ ತಂತಿಯೂ ಬಂತು. ನವೆಂಬರಿನ ಬೆಳಿಗ್ಗೆ ಎಂಟು ಗಂಟೆಗೆ ಹಿಂದೆ ಬರುವ ಲಾರಿ ಕಾಣಬೇಕಾದಾಗ ಈ ತಂತಿಯ ಬೆಲೆ ಗೊತ್ತಾಗುತ್ತದೆ. ಸ್ಟೆಪ್ನಿ, ಬ್ಯಾಟರಿ ಕೆಳಗೆ ಸರಿದು ಡಿಕ್ಕಿಯಲ್ಲಿ ಜಾಗ ಕೊಂಚ ಜಾಸ್ತಿಯಾಯಿತು. 2001ರಲ್ಲಿ ಇನ್ನೊಮ್ಮೆ ತಿದ್ದಿದರು. ಮೈ ಇನ್ನಷ್ಟು ಗಟ್ಟಿಯಾಯಿತು, 1.8 ಎಂಜಿನ್ನಿಗೆ ವಾಲ್ವ್ ಸಮಯ ಬದಲಿಸುವ ವಿವಿಟಿ ಬಂತು. ಶಕ್ತಿ 146 ಎಚ್‌ಪಿ ಸುಮಾರಿಗೆ ಏರಿತು. ನಿಮ್ಮ ನೀಲಿ ಕಾರು ಈ ಸಾಲಿನದು.

ಓಡಿಸಿದಾಗ ಹೇಗೆ? ಎರಡನ್ನೂ ಒಂದೇ ದಿನ ಓಡಿಸಿದರೆ ಎನ್‌ಎ ಹಗುರ ಅನ್ನಿಸುತ್ತದೆ. ನಿಜಕ್ಕೂ ಸುಮಾರು ನೂರು ಕಿಲೋ ಹಗುರ. ಸ್ಟಿಯರಿಂಗ್ ಬೆರಳ ತುದಿಗೆ ರಸ್ತೆಯ ಕಲ್ಲನ್ನೂ ಹೇಳುತ್ತದೆ. ಹಳ್ಳಿ ದಾರಿಯಲ್ಲಿ 40 ಮೈಲಿ ವೇಗಕ್ಕೇ ಮುಖದ ಮೇಲೆ ನಗು ಬರುತ್ತದೆ. ಆದರೆ ಹೊಂಡ ಹಾದರೆ ಡ್ಯಾಷ್‌ಬೋರ್ಡ್ ನಡುಗುವುದು ಕಣ್ಣಿಗೇ ಕಾಣುತ್ತದೆ. ಮೋಟರ್‌ವೇಯಲ್ಲಿ ಎಂಜಿನ್ ಕಿರುಚುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳಿಸದು. 1.8 ಎಂಜಿನ್ನಿನ ಎನ್‌ಬಿ ನೀವು ಲಂಡನ್ನಿಗೆ ಹೋಗುವ ಎಂ4 ಮೋಟರ್‌ವೇಯಲ್ಲಿ ಸುಸ್ತು ಮಾಡಿಸುವುದಿಲ್ಲ. ತಿರುವಿನಲ್ಲಿ ಇನ್ನೂ ಹೆಚ್ಚು ಹಿಡಿತ, ಏರಿನಲ್ಲಿ ಉಸಿರು ಜಾಸ್ತಿ. ‘ಸಪ್ಪೆ’ ಅನ್ನುವವರು ಒಳ್ಳೆಯ ಎನ್‌ಬಿಯನ್ನು ಸರಿಯಾಗಿ ಓಡಿಸಿಲ್ಲ ಅನ್ನೋದು ನನ್ನ ಖಚಿತ ಮಾತು. ಎನ್‌ಎ ನಾಲ್ಕು ಲಕ್ಷಕ್ಕಿಂತ ಹೆಚ್ಚು ತಯಾರಾಯಿತು, ಎನ್‌ಬಿ ಮೂರು ಲಕ್ಷವನ್ನೂ ಮುಟ್ಟಲಿಲ್ಲ. ಕಡಿಮೆ ತಯಾರಾದದ್ದೇ ಅಗ್ಗವಾಗಿ ಸಿಗುತ್ತಿದೆ. ಈ ವಿಚಿತ್ರಕ್ಕೆ ಕಾರಣ ಹೆಡ್‌ಲೈಟ್ ಅಲ್ಲದೆ ಇನ್ನೇನು?

ಈಗ ಹಲ್ಲು ನೋಡುವ ಕೆಲಸ.

ಟಾಪ್ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ, ಯೋಚಿಸಿದ್ದೀರಾ? ಸೀಟಿನ ಹಿಂದೆ, ಎರಡೂ ಬದಿಯಲ್ಲಿ, ಸೀಟ್‌ಬೆಲ್ಟ್ ಕಂಬದ ಹತ್ತಿರ ಒಂದೊಂದು ತೂತಿದೆ. ಅಲ್ಲಿಂದ ನೀರು ಪೈಪಿನಲ್ಲಿ ಇಳಿದು ಹಿಂದಿನ ಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಕಸ ಸೇರಿ ಈ ತೂತು ಕಟ್ಟಿಕೊಳ್ಳುತ್ತದೆ. ಆಗ ನೀರು ತುಂಬಿ ಒಳಗೆ ಹರಿದು ಸಿಲ್ಲಿಗೆ ಇಳಿಯುತ್ತದೆ. ಸಿಲ್ ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆ. ಛಾವಣಿ ಇಲ್ಲದ ಕಾರಿನ ಬೆನ್ನೆಲುಬೇ ಅದು. ಅದು ಒಳಗಿನಿಂದ ಕೊಳೆಯಲು ಶುರುವಾಗಿ, ಹೊರಗೆ ಪೇಂಟಿನ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಹಿಂದಿನ ಚಕ್ರದ ಮುಂದಿನ ಮೂಲೆಯಲ್ಲಿ ಮೊದಲು ಕಾಣಿಸುತ್ತದೆ, ಅಲ್ಲಿಂದ ಚಕ್ರದ ಮೇಲಿನ ಕಮಾನು, ಅಂದರೆ ವೀಲ್ ಆರ್ಚ್ ಕಡೆಗೆ ಹಬ್ಬುತ್ತದೆ. ಇದು ಎನ್‌ಎ, ಎನ್‌ಬಿ ಎರಡಕ್ಕೂ ಇರುವ ರೋಗ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹೊಳೆಯುವ ಕೆಂಪು ಎನ್‌ಎ, ಹೊಸ ಪೇಂಟ್, ಮಾರಿದವರು ಟೀ ಕೊಟ್ಟು ಮಾತಾಡಿಸಿದರು. ಮನೆಗೆ ತಂದು ಜ್ಯಾಕ್ ಹಚ್ಚಿದೆ. ‘ಕರಕ್’ ಅಂತ ಸದ್ದು. ಕಾರು ಮೇಲೇಳಲಿಲ್ಲ, ಜ್ಯಾಕ್ ಸಿಲ್ಲಿನೊಳಗೆ ಹೋಯಿತು. ಅಲ್ಲಿ ತಗಡೇ ಇರಲಿಲ್ಲ. ಪುಟ್ಟಿ ಮೆತ್ತಿ, ತೀಡಿ, ಬಣ್ಣ ಹೊಡೆದಿದ್ದರು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಅಂತಾರಲ್ಲ, ಅದೇ. ಆವತ್ತಿನಿಂದ ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಇಟ್ಟುಕೊಂಡೇ ಕಾರು ನೋಡಲು ಹೋಗುವುದು. ಬಣ್ಣ ಗೀಚದಂತೆ ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಸರಿಸಿ. ಪುಟ್ಟಿ ಇರುವ ಕಡೆ ಅದು ಅಂಟುವುದಿಲ್ಲ.

ಎನ್‌ಬಿಗೆ ಮಾತ್ರ ಇರುವ ಇನ್ನೊಂದು ರೋಗವಿದೆ, ಅದು ಇನ್ನೂ ಕೆಟ್ಟದ್ದು. ಮುಂದೆ, ಬಂಪರಿನ ಹಿಂದೆ ಎಂಜಿನ್ ಎರಡೂ ಬದಿಗೆ ಉದ್ದಕ್ಕೆ ಹೋಗುವ ಚಾಸಿ ತೊಲೆಗಳಿವೆ. ಎನ್‌ಬಿಯಲ್ಲಿ ಅದನ್ನು ಗಟ್ಟಿ ಮಾಡಲು ಒಳಗೆ ಇನ್ನೊಂದು ಪದರ ತಗಡು ಸೇರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಎರಡು ಪದರದ ಸಂದಿಯಲ್ಲಿ ಉಪ್ಪುನೀರು ಸೇರಿಕೊಂಡರೆ ಹೊರಗೆ ಬರಲು ದಾರಿ ಇಲ್ಲ. ಒಳಗಿನಿಂದ ಉಬ್ಬಿ ಒಡೆಯುತ್ತದೆ. ಮೇಲಿಂದ ಕಾಣದು. ಕೆಳಗೆ ಪ್ಲಾಸ್ಟಿಕ್ ತಟ್ಟೆ ಮುಚ್ಚಿರುವುದರಿಂದ ಕೆಳಗಿಂದಲೂ ಸುಲಭಕ್ಕೆ ಕಾಣದು. ಹಳೆಯ ಎನ್‌ಎಯಲ್ಲಿ ಈ ಹೆಚ್ಚಿನ ಪದರ ಇಲ್ಲ, ಹಾಗಾಗಿ ಈ ಕಾಟವೂ ಕಮ್ಮಿ. ಹೊಸದೆಲ್ಲ ಹಳೆಯದಕ್ಕಿಂತ ಮೇಲು ಅನ್ನೋ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ ನೋಡಿ.

ಇದಕ್ಕೆ ಒಂದೇ ದಾರಿ. ಹತ್ತಿರದ ಗ್ಯಾರೇಜಿನಲ್ಲಿ ಅರ್ಧ ಗಂಟೆ ರ್‍ಯಾಂಪ್ ಮೇಲೆ ಹತ್ತಿಸಿ, ಪ್ಲಾಸ್ಟಿಕ್ ತಟ್ಟೆ ಬಿಚ್ಚಿಸಿ, ತೊಲೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮೆತ್ತಗೆ ದಪ್ ಅನ್ನುತ್ತದೆ. ಒಡೆಯರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಸಿಲ್ಲಿನ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಲು ಒಂದು ಬದಿಗೇ ಕೆಲವು ನೂರು ಪೌಂಡ್ ಆಗುತ್ತದೆ. ಎರಡೂ ಬದಿ, ಆರ್ಚ್, ಪೇಂಟ್ ಅಂತ ಸೇರಿದರೆ ಸಾವಿರ ದಾಟುತ್ತದೆ. ಮುಂದಿನ ತೊಲೆಯೂ ಹೋಗಿದ್ದರೆ 3,200 ಪೌಂಡಿನ ಕಾರಿಗೆ ಅದರ ಅರ್ಧಕ್ಕಿಂತ ಜಾಸ್ತಿ ಸುರಿದಂತೆ.

ಮನೆಯಿಂದ ಹೊರಡುವ ಮೊದಲೇ ಮಾಡಬೇಕಾದ್ದು ಒಂದಿದೆ, ಅದಕ್ಕೆ ಕಾಸೂ ಬೇಡ. ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ 2005ರಿಂದ ಈಚಿನ ಎಂಒಟಿ ಪರೀಕ್ಷೆಗಳ, ಅಂದರೆ ಕಾರು ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆಗಳ ಚರಿತ್ರೆ ಸಿಗುತ್ತದೆ. ಪಾಸ್ ಆಯಿತೋ ಇಲ್ಲವೋ ಅಷ್ಟೇ ನೋಡಿ ಮುಚ್ಚಬೇಡಿ. ಕೆಳಗೆ ಸಣ್ಣದಾಗಿ ಬರೆದಿರುವ ಎಚ್ಚರಿಕೆಗಳನ್ನು ವರ್ಷ ವರ್ಷ ಓದಿ. ಒಂದು ವರ್ಷದ ಪರೀಕ್ಷೆಯಲ್ಲಿ ಸಿಲ್ಲಿನ ಹಿಂಭಾಗದಲ್ಲಿ ತುಕ್ಕು ಅಂತ ಬರೆದು, ಮುಂದಿನ ವರ್ಷ ಆ ಮಾತೇ ಇಲ್ಲದಿದ್ದರೆ, ಯಾರೋ ರಿಪೇರಿ ಮಾಡಿರಬೇಕು. ಹೇಗೆ ಮಾಡಿದರು? ಬಿಲ್ ಕೇಳಿ, ಕೆಲಸ ನಡೆಯುವಾಗಿನ ಫೋಟೋ ಕೇಳಿ. ಎರಡೂ ಇಲ್ಲ ಅಂದರೆ ತಳಕ್ಕೆ ಹಚ್ಚುವ ಕಪ್ಪು ಲೇಪ, ಅಂಡರ್‌ಸೀಲ್, ಬಳಿದು ಮುಚ್ಚಿರುವ ಸಾಧ್ಯತೆಯೇ ಜಾಸ್ತಿ.

ನಿಮ್ಮ ಯೂನೋಸ್‌ಗೆ ಇದೇ ಚರಿತ್ರೆಯಲ್ಲಿ ಇನ್ನೊಂದು ವಿಷಯ ನೋಡಬೇಕು. 74,000 ಅಂತ ಬರೆದಿದ್ದೀರಿ. ಮೈಲಿಯೋ ಕಿಲೋಮೀಟರೋ? ಜಪಾನಿನಿಂದ ಬಂದ ಕಾರಿನ ಮೀಟರ್ ಕಿಲೋಮೀಟರಿನದು. ಇಲ್ಲಿಗೆ ಬಂದ ಮೇಲೆ ಕೆಲವರು ಚಿಪ್ ಹಾಕಿ ಮೈಲಿಗೆ ಬದಲಿಸುತ್ತಾರೆ, ಕೆಲವರು ಮುಖದ ಫಲಕ ಮಾತ್ರ ಬದಲಿಸಿ ಸುಮ್ನೆ ಬಿಡುತ್ತಾರೆ. 74,000 ಕಿಲೋಮೀಟರ್ ಆದರೆ ಅದು 46,000 ಮೈಲಿ, ಬೆಲೆಗೆ ಒಂದು ಅರ್ಥವಿದೆ. ಅರ್ಧ ಕಿಲೋಮೀಟರ್, ಇನ್ನರ್ಧ ಮೈಲಿ ಸೇರಿದ ಕಲಸುಮೇಲೋಗರವಾದರೆ ಆ ಸಂಖ್ಯೆಯನ್ನು ಮರೆತು ಕಾರಿನ ಸ್ಥಿತಿಯನ್ನಷ್ಟೇ ನೋಡಿ. ನಿಜವಾದ ಯೂನೋಸ್ 1.6 ಆದರೆ ಚಾಸಿ ನಂಬರ್ ಎನ್‌ಎ6ಸಿಇ ಅಂತ ಶುರುವಾಗಬೇಕು. ಜಪಾನಿನಲ್ಲಿ ಉಪ್ಪು ಕಮ್ಮಿ, ತುಕ್ಕು ಇರಲ್ಲ ಅಂತ ಮಾರುವವರು ಹೇಳುತ್ತಾರೆ. ನಿನ್ನೆ ಹಡಗಿನಿಂದ ಇಳಿದ ಕಾರಿಗೆ ಆ ಮಾತು ಸರಿ ಇರಬಹುದು. 20 ವರ್ಷದ ಹಿಂದೆ ಇಳಿದದ್ದಾದರೆ ಅದೂ ಇಲ್ಲಿಯ ಉಪ್ಪು ತಿಂದೇ ಬೆಳೆದಿದೆ. ಯಾವಾಗ ಬಂತು ಅಂತ ಕೇಳಿ.

ಎಂಜಿನ್ ಬಗ್ಗೆ ಜಾಸ್ತಿ ಹೆದರಬೇಡಿ. ಶುರುವಿನ 1.6 ಕಾರುಗಳಲ್ಲಿ, ಅಂದಾಜು 1991ರ ನಡುವಿನವರೆಗೆ, ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಮೂಗು, ಅಂದರೆ ಮುಂದಿನ ತುದಿ, ಗಿಡ್ಡ. ಮುಂದಿನ ಪುಲ್ಲಿ ಸಡಿಲವಾಗಿ ಅಲ್ಲಾಡಿ ಕ್ರ್ಯಾಂಕನ್ನೇ ತಿನ್ನುತ್ತಿತ್ತು. ನಿಮ್ಮದು 1992 ಅಂತೀರಿ, ಆದರೆ ನೋಂದಣಿಯ ವರ್ಷ ಬೇರೆ, ತಯಾರಾದ ವರ್ಷ ಬೇರೆ. ಎಂಜಿನ್ ಓಡುತ್ತಿರುವಾಗ ಪುಲ್ಲಿ ಓಲಾಡುತ್ತದಾ ಅಂತ ಕಣ್ಣು ಹಾಯಿಸಿ, ಸಾಕು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಕ ಟಕ ಸದ್ದು ಬಂದು ಒಂದೆರಡು ನಿಮಿಷಕ್ಕೆ ನಿಂತರೆ ಅದು ವಾಲ್ವ್ ಒತ್ತುವ ಟ್ಯಾಪೆಟ್‌ಗಳ ಸದ್ದು, ಆಯಿಲ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಬೇಕು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಒಡೆಯುವ ದಿನ ದೂರವಿಲ್ಲ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಬದಲಿಸಬೇಕು. 92,000 ಓಡಿದ ನೀಲಿ ಕಾರಿಗೆ ಒಮ್ಮೆಯಾದರೂ ಆಗಿರಬೇಕು, ಬಿಲ್ ಇದೆಯಾ? ಕ್ಲಚ್ ಪೆಡಲ್ ಮೆತ್ತಗಿದ್ದರೆ ಕೆಳಗಿರುವ, ಕ್ಲಚ್ ಬಿಡಿಸುವ ಸಣ್ಣ ಸ್ಲೇವ್ ಸಿಲಿಂಡರ್ ಸೋರುತ್ತಿದೆ ಅಂತ. ಅದು ಚಿಲ್ಲರೆ ಖರ್ಚು, ಚೌಕಾಸಿಗೆ ಒಳ್ಳೆಯ ನೆಪ. ಕಣ್ಣು ಮೇಲೇಳದಿದ್ದರೂ ಗಾಬರಿ ಬೇಡ, ಮೋಟರಿನ ತಲೆಯಲ್ಲಿ ಒಂದು ತಿರುಗುಗುಂಡಿ ಇದೆ, ಕೈಯಲ್ಲೇ ತಿರುಗಿಸಿ ಎಬ್ಬಿಸಬಹುದು.

ಹೌನ್ಸ್‌ಲೋ ವಿಷಯ ನೀವು ಸುಮ್ಮನೆ ಹೇಳಿದ್ದೀರಿ, ಆದರೆ ಲೆಕ್ಕದಲ್ಲಿ ಅದೇ ದೊಡ್ಡದು. 2023ರ ಆಗಸ್ಟಿನಿಂದ ಲಂಡನ್ನಿನ ಎಲ್ಲ ಬರೋಗಳೂ, ಅಂದರೆ ನಗರದೊಳಗಿನ ಆಡಳಿತ ವಿಭಾಗಗಳೂ, ಯೂಲೆಜ್ ಹೊಗೆ ನಿಯಮದ ಒಳಗೆ ಬಂದಿವೆ, ಹೌನ್ಸ್‌ಲೋ ಕೂಡ. ನಿಯಮಕ್ಕೆ ಹೊಂದದ ಕಾರಿಗೆ ದಿನಕ್ಕೆ 12.50 ಪೌಂಡ್. 1992ರ ಯೂನೋಸ್ ಹೊಂದುವುದಿಲ್ಲ. 40 ವರ್ಷ ತುಂಬಿದ ಹಳೆಯ ವಾಹನಕ್ಕೆ ವಿನಾಯಿತಿ ಇದೆ, ಅದಕ್ಕೆ ನಿಮ್ಮ ಕೆಂಪು ಕಾರು 2030ರ ದಶಕದವರೆಗೆ ಕಾಯಬೇಕು. ವಾರಕ್ಕೊಂದು ಸಲ ಅಂದರೂ ವರ್ಷಕ್ಕೆ 650 ಪೌಂಡ್ ಆಯಿತು. ತಂಗಿ ಮನೆ ಊಟ ಎಷ್ಟೇ ರುಚಿಯಾಗಿರಲಿ, ದುಬಾರಿ ಆಯಿತಲ್ವಾ? 2003ರ ಎನ್‌ಬಿಗಳಲ್ಲಿ ಕೆಲವು ಹೊಂದುತ್ತವೆ, ಕೆಲವು ಇಲ್ಲ. ಲಂಡನ್ ಸಾರಿಗೆಯವರ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ, ಅರ್ಧ ನಿಮಿಷದ ಕೆಲಸ.

ಇನ್ಶೂರೆನ್ಸಿಗೆ ಕ್ಲಾಸಿಕ್ ಕಾರುಗಳ ಪಾಲಿಸಿ ಕೇಳಿ. ವರ್ಷಕ್ಕೆ ಇಷ್ಟೇ ಮೈಲಿ ಅಂತ ಒಪ್ಪಿಕೊಂಡರೆ ಕಮ್ಮಿ ಆಗುತ್ತದೆ. ಕಾರಿನ ಬೆಲೆ ಇಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮೊದಲು ನೀಲಿ ಎನ್‌ಬಿ ನೋಡಲು ಹೋಗುತ್ತಿದ್ದೆ. ಮುಂದಿನ ತೊಲೆ ಗಟ್ಟಿ, ಸಿಲ್ ಗಟ್ಟಿ, ಯೂಲೆಜ್ ಪಾಸ್, ಈ ಮೂರೂ ಇದ್ದರೆ 3,200 ಕೊಡಲು ಯೋಚಿಸುವುದಿಲ್ಲ. ಉಳಿದ ದುಡ್ಡಿನಲ್ಲಿ ತಳಕ್ಕೆ ಒಳ್ಳೆಯ ಮೇಣದ ಲೇಪ ಹಾಕಿಸಿ, ಹೊಸ ಟಯರ್ ಹಾಕಿಸಿದರೂ ಕೈಯಲ್ಲಿ ಕಾಸು ಉಳಿಯುತ್ತದೆ. ತೊಲೆ ಹೋಗಿದ್ದರೆ 2,000ಕ್ಕೆ ಕೊಟ್ಟರೂ ಬೇಡ. ಇನ್ನೊಂದು ಎನ್‌ಬಿ ಹುಡುಕಿ, ಇನ್ನೂ ಬೇಕಾದಷ್ಟಿವೆ. ಹಾಗಂತ ಕೆಂಪು ಯೂನೋಸ್‌ನ ತಳ ನಿಜಕ್ಕೂ ಅಚ್ಚುಕಟ್ಟಾಗಿದ್ದು, ಭಾನುವಾರಗಳಿಗೆ ಮಾತ್ರ ಕಾರು, ತಂಗಿ ಮನೆಗೆ ದೊಡ್ಡ ಕಾರಿನಲ್ಲೇ ಹೋಗುತ್ತೀರಿ ಅಂತಾದರೆ ನಾನು ತಡೆಯುವುದಿಲ್ಲ. ಆ ಕಣ್ಣುಗಳಿಗೆ ನಾನೂ ಒಂದು ಸಲ ಮರುಳಾದವನೇ.

ನೋಡಲು ಹೋಗುವಾಗ ಮ್ಯಾಗ್ನೆಟ್, ಟಾರ್ಚ್, ಹಳೆಯ ಚಾಪೆ ಮತ್ತು ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಟಾಪ್ ಅರ್ಧ ಎತ್ತಿ, ಒಡೆಯರ ಅಪ್ಪಣೆ ಕೇಳಿ, ಸೀಟಿನ ಹಿಂದಿನ ತೂತಿಗೆ ನಿಧಾನವಾಗಿ ಅರ್ಧ ಬಾಟಲಿ ಸುರಿಯಿರಿ. ಹಿಂದಿನ ಚಕ್ರದ ಮುಂದೆ ನೆಲ ಒದ್ದೆಯಾಗಬೇಕು. ಆಮೇಲೆ ಇನ್ನೊಂದು ಬದಿ. ನೀರು ಒಳಗೇ ಉಳಿದರೆ, ಅಥವಾ ಸುರಿಯಲು ಬಿಡದೆ ಒಡೆಯರು ಮಾತು ಬದಲಿಸಿದರೆ, ಬಾಟಲಿ ಮುಚ್ಚಳ ಹಾಕಿಕೊಂಡು ಹೊರಡಿ.